ಟರ್ಬೈನ್ ಅಂಚುಗೋಡೆಗಳ ರೂಪವಿನ್ಯಾಸ

ಟರ್ಬೈನ್ ಅಂಚುಗೋಡೆಗಳ ರೂಪವಿನ್ಯಾಸವು ಟರ್ಬೈನ್ ಅಲಗುಗಳ ನಡುವಿನ ಹರಿವಿನ ದಾರಿಯ ಒಳಗೋಡೆ ಮತ್ತು ಹೊರಗೋಡೆಗಳಿಗೆ ಲೆಕ್ಕಾಚಾರದ ಉಬ್ಬುತಗ್ಗುಗಳನ್ನು ನೀಡಿ, ದ್ವಿತೀಯಕ ಹರಿವಿನಿಂದಾಗುವ ಶಕ್ತಿನಷ್ಟವನ್ನು ಕಡಿಮೆ ಮಾಡುವ ವಿಧಾನವಾಗಿದೆ. ಎಂಜಿನಿಯರಿಂಗ್ ಬಳಕೆಯಲ್ಲಿ ಇದನ್ನು ಎಂಡ್‌ವಾಲ್ ಕಾಂಟೂರಿಂಗ್ ಎಂದು ಕರೆಯುತ್ತಾರೆ. ಜೆಟ್ ಎಂಜಿನ್, ಅನಿಲ ಟರ್ಬೈನ್ ಮತ್ತು ಉಗಿ ಟರ್ಬೈನ್‌ಗಳಲ್ಲಿ ಇದರ ಬಳಕೆಯಿದೆ.

ದ್ವಿತೀಯಕ ಹರಿವು

ಟರ್ಬೈನ್‌ನ ಪ್ರತಿಯೊಂದು ಹಂತದಲ್ಲಿ ಸ್ಥಿರ ಅಲಗುಗಳ ಸಾಲು ಮತ್ತು ತಿರುಗುವ ಅಲಗುಗಳ ಸಾಲು ಇರುತ್ತವೆ. ಎರಡು ಅಲಗುಗಳ ನಡುವಿನ ದಾರಿಯಲ್ಲಿ ಅನಿಲವು ಬಾಗಿ ಹರಿಯುವುದರಿಂದ ಒಂದು ಅಲಗಿನ ತಗ್ಗು ಮೈಯ ಬಳಿ ಒತ್ತಡ ಹೆಚ್ಚಾಗಿಯೂ, ಎದುರಿನ ಅಲಗಿನ ಉಬ್ಬು ಮೈಯ ಬಳಿ ಕಡಿಮೆಯಾಗಿಯೂ ಇರುತ್ತದೆ. ದಾರಿಯ ನಡುಭಾಗದಲ್ಲಿ ವೇಗವಾಗಿ ಸಾಗುವ ಅನಿಲಕ್ಕೆ ಈ ಒತ್ತಡದ ವ್ಯತ್ಯಾಸವು ಬಾಗಲು ಬೇಕಾದಷ್ಟೇ ಬಲವನ್ನು ಒದಗಿಸುತ್ತದೆ. ಆದರೆ ಗೋಡೆಗೆ ಅಂಟಿಕೊಂಡ ಸೀಮಾಪದರದಲ್ಲಿ ಅನಿಲದ ವೇಗ ಕಡಿಮೆ. ಒತ್ತಡದ ವ್ಯತ್ಯಾಸ ಮಾತ್ರ ಅಷ್ಟೇ ಇರುತ್ತದೆ. ಹೀಗಾಗಿ ಈ ನಿಧಾನಗತಿಯ ಅನಿಲವು ಮುಖ್ಯ ಹರಿವಿಗಿಂತ ಹೆಚ್ಚು ಬಾಗಿ, ದಾರಿಗೆ ಅಡ್ಡಲಾಗಿ ಕಡಿಮೆ ಒತ್ತಡದ ಕಡೆಗೆ ಸರಿಯುತ್ತದೆ.

ನೀರು ತುಂಬಿದ ಪಾತ್ರೆಯನ್ನು ಕಲಕಿ ಬಿಟ್ಟಾಗ ತಳದ ಮರಳು ಅಂಚಿಗೆ ಹೋಗದೆ ನಡುವೆ ಗುಡ್ಡೆಯಾಗುವುದಕ್ಕೂ ಇದೇ ಕಾರಣ. ನದಿಯ ತಿರುವುಗಳ ಒಳದಡದಲ್ಲಿ ಮರಳು ನಿಲ್ಲುವುದೂ ಹೀಗೆಯೇ.

ಅಲಗಿನ ಮುಂಚೂಣಿಯಲ್ಲಿ ಗೋಡೆಯ ಸೀಮಾಪದರವು ಸುರುಳಿಗೊಂಡು ಕುದುರೆ ಲಾಳದ ಆಕಾರದ ಸುಳಿಯಾಗುತ್ತದೆ. ಇದರ ಒಂದು ಕವಲು ಅಡ್ಡಹರಿವಿನೊಡನೆ ಸೇರಿ 'ದಾರಿಸುಳಿ'ಯಾಗಿ ಬೆಳೆಯುತ್ತದೆ. ಈ ಸುಳಿಗಳ ಚಲನಶಕ್ತಿಯು ಕೊನೆಗೆ ಶಾಖವಾಗಿ ವ್ಯಯವಾಗುತ್ತದೆ. ಅಲ್ಲದೆ ಮುಂದಿನ ಸಾಲಿನ ಅಲಗುಗಳಿಗೆ ಅನಿಲವು ತಪ್ಪು ಕೋನದಲ್ಲಿ ಬಂದು ತಾಗುತ್ತದೆ. ಗಿಡ್ಡ ಅಲಗುಗಳಲ್ಲಿ ಸುಳಿಗಳು ದಾರಿಯ ಹೆಚ್ಚಿನ ಭಾಗವನ್ನು ಆವರಿಸುವುದರಿಂದ ಒಟ್ಟು ನಷ್ಟದ ಸುಮಾರು ಮೂರನೆಯ ಒಂದು ಭಾಗ ಅಂಚುಗೋಡೆಗಳ ಬಳಿಯೇ ಉಂಟಾಗಬಹುದು.

ವಿಧಗಳು

ಅಕ್ಷ ಸಮಮಿತಿಯ ರೂಪ: ಗೋಡೆಯ ವ್ಯಾಸವು ಹರಿವಿನ ದಿಕ್ಕಿನಲ್ಲಿ ಮಾತ್ರ ಬದಲಾಗುತ್ತದೆ, ಸುತ್ತಳತೆಯ ಉದ್ದಕ್ಕೂ ಒಂದೇ ಆಗಿರುತ್ತದೆ. ದಾರಿಯ ಎತ್ತರವನ್ನು ಕೊನೆಯ ಭಾಗದಲ್ಲಿ ಕಿರಿದಾಗಿಸಿದರೆ, ಹರಿವು ಹೆಚ್ಚು ಬಾಗುವ ಮೊದಲ ಭಾಗದಲ್ಲಿ ವೇಗ ತಗ್ಗಿ ಅಡ್ಡ ಒತ್ತಡವೂ ತಗ್ಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಡೈಚ್ ಮತ್ತು ಸಂಗಡಿಗರು 1960ರ ಸುಮಾರಿಗೆ ಈ ಬಗೆಯ ರೂಪಗಳನ್ನು ಪರೀಕ್ಷಿಸಿದ್ದರು.

ಅಸಮಮಿತಿಯ ರೂಪ: ಗೋಡೆಯ ಎತ್ತರವು ಒಂದು ಅಲಗಿನಿಂದ ಇನ್ನೊಂದು ಅಲಗಿನವರೆಗೆ ಅಡ್ಡಲಾಗಿಯೂ ಬದಲಾಗುತ್ತದೆ. ಅಧಿಕ ಒತ್ತಡದ ಬದಿಯಲ್ಲಿ ಗೋಡೆಯನ್ನು ಉಬ್ಬಿಸಿದರೆ ಅಲ್ಲಿ ಅನಿಲದ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಕಡಿಮೆ ಒತ್ತಡದ ಬದಿಯಲ್ಲಿ ತಗ್ಗು ಮಾಡಿದರೆ ವೇಗ ಕುಗ್ಗಿ ಒತ್ತಡ ಏರುತ್ತದೆ. ಅಡ್ಡಹರಿವನ್ನು ಉಂಟುಮಾಡುವ ಒತ್ತಡದ ವ್ಯತ್ಯಾಸವೇ ಇದರಿಂದ ಕಡಿಮೆಯಾಗುತ್ತದೆ.

ಬೆಳವಣಿಗೆ

ಅಸಮಮಿತಿಯ ರೂಪದ ಕುರಿತು ರೋಲ್ಸ್ ರಾಯ್ಸ್ ಸಂಸ್ಥೆಯ ರೋಸ್ 1994ರಲ್ಲಿ ಪ್ರಬಂಧ ಮಂಡಿಸಿದರು. ಬಳಿಕ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಅಲಗುಸಾಲಿನ ಗಾಳಿಸುರಂಗದಲ್ಲಿ ಪ್ರಯೋಗಗಳು ನಡೆದವು. ಏರ್‌ಬಸ್ ಎ340 ವಿಮಾನದ ಟ್ರೆಂಟ್ 500 ಎಂಜಿನ್‌ಗೆ ಸಂಬಂಧಿಸಿದ ಮಾದರಿ ಟರ್ಬೈನ್‌ನ ಪರೀಕ್ಷೆಗಳಲ್ಲಿ ದಕ್ಷತೆಯು ಅಧಿಕ ಒತ್ತಡದ ಹಂತದಲ್ಲಿ ಸುಮಾರು ಶೇ. 0.6ರಷ್ಟು, ಮಧ್ಯಮ ಒತ್ತಡದ ಹಂತದಲ್ಲಿ ಸುಮಾರು ಶೇ. 0.9ರಷ್ಟು ಹೆಚ್ಚಿತು. ಅಂಕಿ ಸಣ್ಣದಾಗಿ ಕಂಡರೂ ಸಾವಿರಾರು ಗಂಟೆ ನಡೆಯುವ ಯಂತ್ರದಲ್ಲಿ ಇದು ಗಣನೀಯ ಇಂಧನ ಉಳಿತಾಯವಾಗಿದೆ. ಗೋಡೆಯು ಸಾಮಾನ್ಯವಾಗಿ ಅಲಗಿನ ಬುಡದೊಂದಿಗೇ ಎರಕವಾಗುವುದರಿಂದ ಹೆಚ್ಚುವರಿ ಬಿಡಿಭಾಗಗಳೂ ಬೇಕಾಗುವುದಿಲ್ಲ.

ಮಿತಿಗಳು

ಉಬ್ಬುತಗ್ಗುಗಳು ಅತಿಯಾದರೆ ಹರಿವು ಗೋಡೆಯಿಂದ ಬೇರ್ಪಟ್ಟು ಹೊಸ ನಷ್ಟ ಹುಟ್ಟುತ್ತದೆ. ಡರಮ್‌ನಲ್ಲಿ ಪರೀಕ್ಷಿಸಿದ ಒಂದು ತೀವ್ರ ರೂಪದಲ್ಲಿ ಇದು ಕಂಡುಬಂದಿತು. ಗಣಕದ ಲೆಕ್ಕಾಚಾರವು ಸುಳಿಗಳ ಬಲವನ್ನು ಸಾಕಷ್ಟು ಸರಿಯಾಗಿ ಸೂಚಿಸಿದರೂ ನಷ್ಟದ ಪ್ರಮಾಣವನ್ನು ಅಷ್ಟೇ ನಂಬಿಕೆಯಿಂದ ಹೇಳಲಾರದು. ಆದ್ದರಿಂದ ಹಲವು ವಿನ್ಯಾಸಗಳಲ್ಲಿ ನಷ್ಟದ ಬದಲು ದ್ವಿತೀಯಕ ಹರಿವಿನ ಚಲನಶಕ್ತಿಯನ್ನು ಕಡಿಮೆ ಮಾಡುವುದನ್ನೇ ಗುರಿಯಾಗಿಟ್ಟುಕೊಂಡು, ಫಲಿತಾಂಶವನ್ನು ಪ್ರಯೋಗದಿಂದ ದೃಢಪಡಿಸಿಕೊಳ್ಳಲಾಗುತ್ತದೆ. ಗೋಡೆಯನ್ನು ತಂಪಾಗಿಡಲು ಹರಿಸುವ ಗಾಳಿ ಹಾಗೂ ಅಲಗುಸಾಲುಗಳ ನಡುವಿನ ಸಂದುಗಳಿಂದ ಬರುವ ಸೋರಿಕೆಯೂ ಗೋಡೆಯ ಬಳಿಯ ಹರಿವನ್ನು ಬದಲಿಸುತ್ತವೆ. ಆದ್ದರಿಂದ ಒಂದು ಯಂತ್ರಕ್ಕೆ ಹೊಂದುವ ರೂಪ ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಕರ್ನಾಟಕದ ಸಂದರ್ಭ

ಭಾರತದ ಟರ್ಬೈನ್ ಸಂಶೋಧನೆಯ ಮುಖ್ಯ ಕೇಂದ್ರಗಳು ಬೆಂಗಳೂರಿನಲ್ಲಿವೆ. 1959ರಲ್ಲಿ ಆರಂಭವಾದ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯು (ಜಿಟಿಆರ್‌ಇ) ಕಾವೇರಿ ಜೆಟ್ ಎಂಜಿನ್ ಅನ್ನು ಅಭಿವೃದ್ಧಿಪಡಿಸಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಅಲಗುಸಾಲುಗಳನ್ನು ಪರೀಕ್ಷಿಸುವ ಗಾಳಿಸುರಂಗವಿದೆ. ಕೋಲಾರ ಜಿಲ್ಲೆಯ ವೇಮಗಲ್ ಅನ್ನು ಏರ್‌ಬಸ್ ಎಚ್125 ಹೆಲಿಕಾಪ್ಟರ್‌ನ ಅಂತಿಮ ಜೋಡಣಾ ಘಟಕಕ್ಕೆ ಆಯ್ಕೆ ಮಾಡಲಾಗಿದೆ. ಈ ಹೆಲಿಕಾಪ್ಟರ್ ಒಂದೇ ಟರ್ಬೋಶಾಫ್ಟ್ ಎಂಜಿನ್‌ನಿಂದ ಹಾರುತ್ತದೆ. ಇಂತಹ ಸಣ್ಣ ಎಂಜಿನ್‌ಗಳ ಟರ್ಬೈನ್ ಅಲಗುಗಳು ಗಿಡ್ಡವಾಗಿರುವುದರಿಂದ ಅಂಚುಗೋಡೆಯ ನಷ್ಟದ ಪಾಲು ದೊಡ್ಡ ಎಂಜಿನ್‌ಗಳಿಗಿಂತ ಹೆಚ್ಚಾಗಿರುತ್ತದೆ. ರಾಯಚೂರಿನಂತಹ ಉಷ್ಣವಿದ್ಯುತ್ ಸ್ಥಾವರಗಳ ಉಗಿ ಟರ್ಬೈನ್‌ಗಳಲ್ಲಿಯೂ ಅಧಿಕ ಒತ್ತಡದ ಮೊದಲ ಹಂತಗಳ ಅಲಗುಗಳು ಗಿಡ್ಡವಾಗಿರುತ್ತವೆ. ಆದ್ದರಿಂದ ಗೋಡೆಯ ರೂಪವು ಅಲ್ಲಿಯೂ ಮುಖ್ಯವಾಗುತ್ತದೆ.