ಮೇಣದಬತ್ತಿಯ ಬೆಳಕಿನಲ್ಲಿ ಕಂಡ ಕೆಂಪು

1820ರ ಫೆಬ್ರವರಿ 3ರ ರಾತ್ರಿ. ಕುದುರೆಗಾಡಿಯ ಹೊರಗಡೆಯ ಸೀಟಿನಲ್ಲಿ ಚಳಿಗೆ ಮೈಯೊಡ್ಡಿ ಲಂಡನ್ನಿನಿಂದ ಹ್ಯಾಂಪ್‌ಸ್ಟೆಡ್‌ನ ಮನೆಗೆ ಬಂದ ಕವಿ ಜಾನ್ ಕೀಟ್ಸ್‌ಗೆ ಜ್ವರ ಏರಿತ್ತು. ಹಾಸಿಗೆಗೆ ಒರಗುವಾಗ ಸಣ್ಣದೊಂದು ಕೆಮ್ಮು, ಹೊದಿಕೆಯ ಮೇಲೆ ಒಂದು ಹನಿ ರಕ್ತ. ಗೆಳೆಯ ಚಾರ್ಲ್ಸ್ ಬ್ರೌನ್‌ನಿಂದ ಮೇಣದಬತ್ತಿ ತರಿಸಿ ಕೀಟ್ಸ್ ಆ ಹನಿಯನ್ನು ದಿಟ್ಟಿಸಿದ. ಅದು ಅಪಧಮನಿಯ ರಕ್ತವೆಂದೂ ತಾನಿನ್ನು ಉಳಿಯುವುದಿಲ್ಲವೆಂದೂ ಅವನು ಶಾಂತವಾಗಿ ಹೇಳಿದ್ದನ್ನು ಬ್ರೌನ್ ಮುಂದೆ ಬರೆದಿಟ್ಟ.

ಇದನ್ನು ಕವಿಯ ಕಾಣ್ಕೆಯೆಂದು ಓದುವವರೇ ಹೆಚ್ಚು. ನನಗೆ ಇಲ್ಲಿ ಕಾಣುವುದು ಗೈಸ್ ಆಸ್ಪತ್ರೆಯಲ್ಲಿ ಕಲಿತು, 1816ರಲ್ಲಿ ಔಷಧೋಪಚಾರದ ಪರವಾನಗಿ ಪಡೆದ ತರುಣ. ಶ್ವಾಸಕೋಶದಿಂದ ಬರುವ ರಕ್ತ ಸಾಮಾನ್ಯವಾಗಿ ಉಜ್ವಲ ಕೆಂಪು, ಕೆಲವೊಮ್ಮೆ ನೊರೆನೊರೆ. ಹೊಟ್ಟೆಯಿಂದ ವಾಂತಿಯಾಗುವುದು ಬಹುಪಾಲು ಕಪ್ಪು, ಕಾಫಿ ಗಸಿಯಂತೆ. ಆದರೆ ಬಣ್ಣ ಹೇಳುವುದು ರಕ್ತ ಎಲ್ಲಿಂದ ಬಂತೆಂದು, ಏಕೆ ಬಂತೆಂದಲ್ಲ. ಶ್ವಾಸನಾಳದ ಉರಿಯೂತ, ನ್ಯುಮೋನಿಯಾ, ಗಡ್ಡೆ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ, ಹೃದಯದ ಕವಾಟದ ದೋಷ, ಯಾವುದೂ ಆಗಿರಬಹುದು. ಕೀಟ್ಸ್‌ಗೆ ಕ್ಷಯವೇ ಎನ್ನಿಸಲು ಮನೆಯ ಚರಿತ್ರೆ ಸಾಕಿತ್ತು. ತಾಯಿ 1810ರಲ್ಲಿ ಹೋಗಿದ್ದಳು. ತಮ್ಮ ಟಾಮ್‌ನನ್ನು 1818ರ ಡಿಸೆಂಬರ್‌ವರೆಗೂ ಅವನೇ ಆರೈಕೆ ಮಾಡಿ ಕಳೆದುಕೊಂಡಿದ್ದ.

ಆ ರಾತ್ರಿ ಬಂದ ವೈದ್ಯ ಮಾಡಿದ್ದೇನು? ತೋಳಿನಿಂದ ಇನ್ನಷ್ಟು ರಕ್ತ ತೆಗೆದ! ಅಂದಿನ ಪದ್ಧತಿಯೇ ಅದು. ಮುಂದೆ ರೋಮಿನಲ್ಲಿ ಡಾಕ್ಟರ್ ಜೇಮ್ಸ್ ಕ್ಲಾರ್ಕ್ ತೊಂದರೆ ಮುಖ್ಯವಾಗಿ ಹೊಟ್ಟೆಯದೆಂದು ಬಗೆದು, ಊಟವನ್ನು ಕಡಿಮೆ ಮಾಡಿಸಿ ಮತ್ತೆ ರಕ್ತ ತೆಗೆಸಿದ. 1821ರ ಫೆಬ್ರವರಿ 23ರಂದು, 25ನೇ ವಯಸ್ಸಿನಲ್ಲಿ ಕೀಟ್ಸ್ ತೀರಿಕೊಂಡ. ಶವ ಸೀಳಿ ನೋಡಿದರೆ ಶ್ವಾಸಕೋಶಗಳು ಹೆಚ್ಚುಕಡಿಮೆ ಪೂರ್ತಿ ನಾಶವಾಗಿದ್ದವು. ರೋಗಿಯ ಊಹೆಯೇ ಸರಿಯಿತ್ತು.

ಎದೆಯೊಳಗನ್ನು ಕಿವಿಯಿಂದ ಅರಿಯುವ ಸ್ಟೆತೊಸ್ಕೋಪ್ ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತ್ತು. ಅದರ ಬಗ್ಗೆ ಲೆನೆಕ್ 1819ರಲ್ಲಿ ಬರೆದ ಗ್ರಂಥ ಇಂಗ್ಲಿಷಿಗೆ ಬಂದದ್ದು ಕೀಟ್ಸ್ ಸತ್ತ ವರ್ಷವೇ. ಲೆನೆಕ್ ಕೂಡ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡ. 1882ರಲ್ಲಿ ಕಾಕ್ ರೋಗಾಣುವನ್ನು ತೋರಿಸಿದ, 1895ರಲ್ಲಿ ಎಕ್ಸ್‌ರೇ ಬಂತು, ಸ್ಟ್ರೆಪ್ಟೋಮೈಸಿನ್‌ಗೆ 1943ರವರೆಗೆ ಕಾಯಬೇಕಾಯಿತು. ಈಗ ಕಫ ಪರೀಕ್ಷೆ, ಸಿ.ಟಿ. ಸ್ಕ್ಯಾನ್, ಶ್ವಾಸನಾಳದೊಳಕ್ಕೆ ಇಳಿಸುವ ಕ್ಯಾಮೆರಾ ಎಲ್ಲವೂ ಇವೆ. ಆದರೂ ರಕ್ತ ಕಂಡು ಓಡಿಬಂದವರನ್ನು ವೈದ್ಯರು ಮೊದಲು ಕೇಳುವುದು ಇಷ್ಟೇ: ಕೆಮ್ಮಿದಾಗ ಬಂತೋ, ವಾಂತಿಯಲ್ಲೋ? ಎಷ್ಟು? ಯಾವ ಬಣ್ಣ?