ಬಾಡಿಗೆ ಯಂತ್ರದ ಕರೆಗಂಟೆ

ಮುಂಬಯಿಯ ಬಾಡಿಗೆ ಖೋಲಿಗಳಲ್ಲೇ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ, ಒಂದು ಕಂಪ್ಯೂಟರಿನೊಳಗೆ ಹತ್ತು ಕಂಪ್ಯೂಟರುಗಳು ಬಿಡಾರ ಹೂಡುವ ಕತೆ ಹೊಸದೇನಲ್ಲ ಬಿಡಿ.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸಿಡಿಸಿ 3600 ಯಂತ್ರ ಬಂದದ್ದು 1964ರಲ್ಲಿ. ಹೊರಗಿನ ಸಂಸ್ಥೆಗಳವರೂ ಅದನ್ನೇ ಹಂಚಿಕೊಂಡು ಬಳಸುತ್ತಿದ್ದ ಕಾಲವದು. ಅದೇ ವರ್ಷ ಅಮೆರಿಕದ ಕೇಂಬ್ರಿಜ್‌ನಲ್ಲಿ ಐಬಿಎಂನವರು ಸಿಪಿ-40 ಎಂಬ ವ್ಯವಸ್ಥೆಗೆ ಕೈಹಾಕಿದರು. ಯಂತ್ರ ಒಂದೇ, ಆದರೆ ಪ್ರತಿಯೊಬ್ಬನಿಗೂ ಅದು ಪೂರ್ತಿ ತನ್ನದೇ ಎಂಬ ಭ್ರಮೆ! ಈ ಭ್ರಮೆ ಹುಟ್ಟಿಸುವ ತಂತ್ರಾಂಶವನ್ನೇ ಈಗ ಹೈಪರ್‌ವೈಸರ್ ಅನ್ನುವುದು. ಲಿನಕ್ಸ್‌ನೊಳಗೆ ಅದು ಕೆವಿಎಂ ಎಂಬ ಹೆಸರಲ್ಲಿ 2007ರಲ್ಲಿ ಬಂತು.

ಇದರಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಕರೆಗಂಟೆಯ ವಿಚಾರ. ಕೀಲಿ ಒತ್ತಿದಾಗ, ನೆಟ್‌ವರ್ಕಿನಿಂದ ಮಾಹಿತಿ ಬಂದಾಗ ಪ್ರೊಸೆಸರಿಗೆ ಗಂಟೆ ಬಾರಿಸಬೇಕು. ಅದು ಇಂಟರಪ್ಟ್. ಯಾವ ಗಂಟೆ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವುದು ಇಂಟರಪ್ಟ್ ಕಂಟ್ರೋಲರ್; ಅದರ ಲೆಕ್ಕಪತ್ರವೆಲ್ಲ ರಿಜಿಸ್ಟರುಗಳಲ್ಲಿ. ಈ ನಿಜವಾದ ರಿಜಿಸ್ಟರುಗಳನ್ನು ಬಾಡಿಗೆದಾರನ ಕೈಗೆ ಕೊಟ್ಟರೆ ಪಕ್ಕದ ಮನೆಯ ಗಂಟೆಯನ್ನೂ ಅವನು ನಿಲ್ಲಿಸಿಬಿಟ್ಟಾನು. ಆದ್ದರಿಂದ ಹೈಪರ್‌ವೈಸರ್ ಅವನಿಗೊಂದು ನಕಲಿ ಕಂಟ್ರೋಲರ್ ತೋರಿಸುತ್ತದೆ. ಅವನು ಅದರಲ್ಲಿ ಬರೆದ ಕೂಡಲೇ ಪ್ರೊಸೆಸರ್ ಅವನನ್ನು ತಡೆದು ಮಾಲೀಕನನ್ನು ಕರೆಯುತ್ತದೆ. ಮಾಲೀಕ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಎಲ್ಲ ನಡೆದಂತೆ ನಟಿಸುತ್ತಾನೆ.

ಎಡವಟ್ಟಾದದ್ದು ಈ ಪುಸ್ತಕದಲ್ಲೇ. ಐಒ-ಎಪಿಕ್ ಎಂಬ ಕಂಟ್ರೋಲರಿಗೆ ಎರಡು ಕಿಟಕಿಗಳು. ಒಂದರಲ್ಲಿ ಸಾಲಿನ ಸಂಖ್ಯೆ ಬರೆದರೆ, ಇನ್ನೊಂದರಲ್ಲಿ ಆ ಸಾಲಿನ ವಿವರ ಸಿಗುತ್ತದೆ. ಕೆವಿಎಂನ ನಕಲಿನಲ್ಲಿದ್ದದ್ದು 24 ಗಂಟೆಗಳ ಸಾಲು. ಬಾಡಿಗೆದಾರ ಅದಕ್ಕೂ ಆಚೆಯ ಸಾಲು ಕೇಳಿದರೆ? 2013ರಲ್ಲಿ ಗೂಗಲ್‌ನ ಆಂಡ್ರ್ಯೂ ಹೋನಿಗ್ ಇದನ್ನು ಪತ್ತೆಹಚ್ಚಿದರು: ಹಾಗೆ ಕೇಳಿದರೆ ಮಾಲೀಕನ ಸ್ವಂತ ಮೆಮೊರಿಯಲ್ಲಿದ್ದದ್ದೇ ಕಿಟಕಿಯಿಂದ ಹೊರಬರಬಹುದಿತ್ತು! ಅದೇ ಡಿಸೆಂಬರಿನಲ್ಲಿ ಅವರು ಕಂಡುಹಿಡಿದ ಇನ್ನೊಂದು ದೋಷವೂ ಬಯಲಾಯಿತು. ಟೈಮರ್ ರಿಜಿಸ್ಟರುಗಳಲ್ಲಿ ವಿಚಿತ್ರ ಕ್ರಮದಲ್ಲಿ ಬರೆದು ಆಮೇಲೆ ಉಳಿದ ಸಮಯ ಓದಿದರೆ, ಮಾಲೀಕನ ಲೆಕ್ಕ ಸೊನ್ನೆಯಿಂದ ಭಾಗಿಸಲು ಹೋಗಿ ಇಡೀ ಯಂತ್ರವೇ ಕುಸಿಯುತ್ತಿತ್ತು. ಅಂದರೆ ಒಬ್ಬನ ಕಿತಾಪತಿಗೆ ಚಾಳಿನ ಎಲ್ಲರ ಮನೆಯೂ ಕತ್ತಲು ಮಾರಾಯ್ರೇ.

ಪರಿಹಾರ ಕೆಲವೇ ಸಾಲುಗಳದ್ದು. ಮಿತಿ ಮೀರಿದ ಸಾಲು ಕೇಳಿದರೆ ಬರೀ ಒಂದುಗಳನ್ನೇ ಉತ್ತರವಾಗಿ ಕೊಡು. ಅವಧಿ ಸೊನ್ನೆಯಾಗಿದ್ದರೆ ಭಾಗಾಕಾರಕ್ಕೇ ಹೋಗಬೇಡ. ಅಷ್ಟೇ.

ಅದೇ ವರ್ಷ ಇಂಟೆಲ್ ತನ್ನ ಸರ್ವರ್ ಪ್ರೊಸೆಸರುಗಳಲ್ಲಿ ಈ ನಟನೆಯ ಒಂದು ಭಾಗವನ್ನು ಯಂತ್ರಾಂಶಕ್ಕೇ ಒಪ್ಪಿಸಿತು. ಮಾಲೀಕನನ್ನು ಪದೇ ಪದೇ ಕರೆಯುವ ಗೋಳು ಕಡಿಮೆಯಾಗಿ ವೇಗ ಹೆಚ್ಚಿತು. ಆದರೂ ಮಾಲೀಕನ ಕೈಯಲ್ಲಿ ಉಳಿದ ರಿಜಿಸ್ಟರುಗಳಿಗೆ ಅದೇ ಎಚ್ಚರ ಬೇಕು.

2016ರಲ್ಲಿ ಅಮೆಜಾನ್ ತನ್ನ ಬಾಡಿಗೆ ಕಂಪ್ಯೂಟರುಗಳ ಕೇಂದ್ರವನ್ನು ನಮ್ಮ ಮುಂಬಯಿಯಲ್ಲೇ ತೆರೆಯಿತು, ಬೇರೆಯವರೂ ಬಂದರು. ಈ ಊರಿನ ಅದೆಷ್ಟೋ ವ್ಯವಹಾರಗಳೀಗ ಇಂಥ ಬಾಡಿಗೆ ಯಂತ್ರಗಳ ಮೇಲೆಯೇ ನಡೆಯುತ್ತಿವೆ. ಪಕ್ಕದ ಖೋಲಿಯಲ್ಲಿ ಯಾರಿದ್ದಾರೆಂದು ನಮಗೆ ಗೊತ್ತಾಗುವುದಿಲ್ಲ. ಅವರು ಬರೆಯುವ ಸಂಖ್ಯೆಯನ್ನು ಮಾಲೀಕ ಪ್ರತಿ ಸಲವೂ ಪರೀಕ್ಷಿಸುತ್ತಾನೆ ಎಂಬ ನಂಬಿಕೆಯ ಮೇಲೇ ನಮ್ಮ ಸಂಸಾರ ಸಾಗಿದೆ.