ಕಾರ್ಡ್ ವಂಚನೆ ತಡೆ (ಕಲಬುರಗಿ, ಕಮಲಾಪುರ)

ಭಾರತದಲ್ಲಿ ಕ್ರೆಡಿಟ್ ಕಾರ್ಡನ್ನು ಮೊದಲು ತಂದದ್ದು 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ. ಆಗ ಕಾವಲು ಕಾಯುವ ಹೊಣೆ ಅಂಗಡಿಯವರದು. ಕಾರ್ಡಿನ ಉಬ್ಬು ಅಂಕಿಗಳನ್ನು ಕಾರ್ಬನ್ ಚೀಟಿಗೆ ಒತ್ತಿ, ಗಿರಾಕಿಯ ಸಹಿಯನ್ನು ಕಾರ್ಡಿನ ಹಿಂಬದಿಯ ಸಹಿಯೊಂದಿಗೆ ತಾಳೆ ನೋಡುತ್ತಿದ್ದರು. ಸ್ವೈಪ್ ಮಷೀನ್ ಬಂದ ಮೇಲೂ ಕಾರ್ಡಿನ ಕಪ್ಪು ಕಾಂತೀಯ ಪಟ್ಟಿಯ ವಿವರ ನಕಲು ಮಾಡುವುದು ಕಷ್ಟವಿರಲಿಲ್ಲ. 2013ರ ಡಿಸೆಂಬರ್‌ನಿಂದ ಡೆಬಿಟ್ ಕಾರ್ಡಿಗೆ ಅಂಗಡಿಯಲ್ಲೂ ಪಿನ್ ಬಂತು. ಪಟ್ಟಿ ಮಾತ್ರ ಇದ್ದ ಕಾರ್ಡುಗಳ ಬದಲು ಚಿಪ್ ಕಾರ್ಡು ಕೊಡಲು 2018ರ ಕೊನೆ ಗಡುವಾಗಿತ್ತು.

ಕಾರ್ಡೇ ಎದುರಿಗಿಲ್ಲದ ಆನ್‌ಲೈನ್ ಖರೀದಿಗೆ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದಲೇ ಎರಡನೇ ದೃಢೀಕರಣ ಕಡ್ಡಾಯ ಮಾಡಿತ್ತು. ಒಟಿಪಿ ಬೇರುಬಿಟ್ಟದ್ದು ಹೀಗೆ. ವಿದೇಶಿ ಜಾಲತಾಣಗಳಿಗೆ ಈ ನಿಯಮ ತಾಗದ್ದರಿಂದ ಕಾರ್ಡ್ ನಂಬರ್, ಸಿವಿವಿ ಸಿಕ್ಕರೆ ಸಾಕು, ಹಣ ಹೋಗುತ್ತಿತ್ತು. 2020ರಲ್ಲಿ ಹೊಸ ಕಾರ್ಡುಗಳ ಆನ್‌ಲೈನ್, ವಿದೇಶಿ ಬಳಕೆಯನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕೆಂಬ ನಿಯಮ ಬಂದದ್ದು ದೊಡ್ಡ ಉಪಕಾರ.

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಕಾರ್ಡಿನ ಕಥೆ ಗ್ರಾಮೀಣ ಬ್ಯಾಂಕಿನದು. ಇಲ್ಲಿಯೇ ಕೇಂದ್ರ ಕಚೇರಿಯಿದ್ದ, 1978ರ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಿನೊಳಗೆ, ಅದು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. 2014ರ ಜನಧನ ಯೋಜನೆಯೊಂದಿಗೆ ರುಪೇ ಕಾರ್ಡ್ ಮನೆಮನೆಗೂ ಬಂತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತರಿಗೆ ಆ ಕಾರ್ಡಿನ ಮೊದಲ ಉಪಯೋಗ ಕಲಬುರಗಿ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಗಿಂತ ಎಟಿಎಂನಲ್ಲಿ. ಅಲ್ಲಿ ಕೇಳುವವರಿಲ್ಲ, ಹಿಂದೆ ನಿಂತ ಅಪರಿಚಿತ ‘ನಾ ತೆಗೆದು ಕೊಡ್ತೀನ್ರೀ’ ಎಂದು ಕಾರ್ಡ್ ಅದಲುಬದಲು ಮಾಡುವುದೇ ನಿಜವಾದ ಅಪಾಯ. ಚಿಪ್ಪು, ಪಿನ್ನು ಎರಡೂ ಇದ್ದರೂ ಈ ಮೋಸಕ್ಕೆ ತಡೆಯಿಲ್ಲ.

ವಂಚನೆಯ ನಷ್ಟ ಯಾರದೆಂದು ಹೇಳುವ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಎಟಿಎಂ ಮತ್ತು ಅಂಗಡಿಯ ಮಷೀನನ್ನು ಒಂದೇ ಗುಂಪಿಗೆ ಸೇರಿಸಿತು: ಎರಡು ಕಡೆಯೂ ಕಾರ್ಡ್ ಕೈಯಲ್ಲೇ ಇರುತ್ತದೆ. ಗ್ರಾಹಕರ ಮೊದಲ ಗಟ್ಟಿ ರಕ್ಷಣೆ ಎಂದರೆ ಇದೇ ಸುತ್ತೋಲೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದರೆ, ಹಣ ಹೋದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟವಿಲ್ಲ. ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಮರಳಬೇಕು. ತಪ್ಪು ಗ್ರಾಹಕರದು ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು. ಪಿನ್ ತಾವೇ ಹೇಳಿಕೊಟ್ಟಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ದೂರಿಗೆ ಬ್ಯಾಂಕಿನ ಜೊತೆಗೆ 1930 ಸಹಾಯವಾಣಿಯೂ ಇದೆ.